ಕರ್ತನ ಮೇಜಿನ ಮ್ಯಾಲ ಸಾವಕಾರ್ರ ನೂಲು

ಹಂಗಲ್ಲವಾ ರೂತಾ, ದೀಕ್ಷಾಸ್ನಾನ ಆದ ದಿನಾ ಬ್ಯಾರೆ, ನಾ ದೇವರ ಕಡೆ ತಿರುಗಿದ ದಿನಾ ಬ್ಯಾರೆ. ನೀ ಎರಡೂ ಒಂದ ಅಂತ ತಿಳಕೊಂಡಿ. ನಾನೂ ಹಂಗ ತಿಳಕೊಂಡಿದ್ದೆ, ಎರಡು ವರ್ಷ. ಎರಡಲ್ಲ, ಎರಡೂವರಿ. ಬರೋ ತಿಂಗಳು ನೀ ಸಭೆ ಮುಂದ ನಿಂತು ನಾ ಯೇಸುಸ್ವಾಮಿನ್ನ ನಂಬೇನಿ ಅಂತ ಹೇಳಾಕಿ ಅದಿಯಲ್ಲ, ಅದಕ್ಕ ಮದಲ ನಿನಗಿದನ್ನ ಹೇಳಿಬಿಡತೇನಿ. ನಿನ್ನ ತಂಗೀನೂ ಕೇಳಲಿ. ಏ ಎಸ್ತೇರಾ, ಆ ಮೊಬೈಲ್ ಬಾಜೂಕ ಇಡವಾ.

ಆವಾಗ ನಾವು ಬನಹಟ್ಯಾಗ ಇದ್ವಿ. ನಿಮ್ಮಪ್ಪ ಇನ್ನಾ ತೊಟ್ಟಲದಾಗಿದ್ದ. ಪವರ್‌ಲೂಮ್ ಓಣಿಗೆ ಎರಡು ಮೂರರಂಗ ಬರಾಕತ್ತಿದ್ದವು, ಕೈಮಗ್ಗದವರಿಗೆ ಕೆಲಸಾ ಕಡಿಮಿ ಆಗಾಕತ್ತಿತ್ತು. ಕೈಮಗ್ಗ ಅಂದರ ನೀವು ನೋಡಿಲ್ಲ, ಹೇಳತೇನಿ, ಸ್ವಲ್ಪ ತಡೀರಿ. ಕೆಲಸಾ ಇಲ್ಲದ ದಿನಾ ನಾ ಕುಡೀತಿದ್ದೆ. ಕೆಲಸಾ ಇದ್ದ ದಿನಾನೂ ಕುಡೀತಿದ್ದೆ, ಖರೆ ಹೇಳಬೇಕಂದರ. ಆಗ ಜಮಖಂಡಿಯಿಂದ ಒಬ್ಬ ಅಯ್ಯನವರು, ಅಂದರ ಸಭಾಪಾಲಕರು, ರವಿವಾರಕ್ಕೊಮ್ಮೆ ಬಸ್ಸಿಗೆ ಬಂದು ಬಾಜೂಕಿನ ರಬಕವಿಯಾಗ ಒಂದು ಬಾಡಿಗಿ ಖೋಲ್ಯಾಗ ಪ್ರಾರ್ಥನಿ ನಡಸತಿದ್ರು. ಹತ್ತು ಹನ್ನೆರಡು ಮಂದಿ ಕೂಡತಿದ್ರು, ಅಷ್ಟ. ನಾ ಒಂದಿನಾ ಬಾಗಲದಾಗ ನಿಂತು ಕೇಳಿದೆ, ಮರುವಾರ ಒಳಗ ಕುಂತು ಕೇಳಿದೆ, ಮನಸ್ಸಿಗೆ ಹಿಡಿಸಿತು. ಕುಡಿಯೋದು ಬಿಟ್ಟೆ. ಬೀಡಿ ಬಿಟ್ಟೆ. ಬಾಯಾಗಿನ ಬೈಗಳಾ ಬಿಟ್ಟೆ. ದೀಕ್ಷಾಸ್ನಾನ ತಗೊಂಡೆ. ಓಣ್ಯಾಗ ಎಲ್ಲಾರೂ, "ಏನಲೇ, ಮನುಷ್ಯಾ ಆಗೀಯಲ್ಲ" ಅಂದರು. ನನಗ ಅದನ್ನ ಕೇಳಾಕ ಭಾಳ ಛಲೋ ಅನಸತಿತ್ತು. ಈಗ ವಿಚಾರ ಮಾಡಿದರ ತಿಳೀತೈತಿ, ನಾ ಬಿಟ್ಟಿದ್ದೆಲ್ಲಾ ಮಂದಿಗೆ ಕಾಣೋವು. ಕಾಣದ ಒಂದು ಹಂಗ ಇತ್ತು, ಅದಕ್ಕ ನಾ ಕೈ ಹಚ್ಚಿರಲಿಲ್ಲ.

ಅದು ತಿಳೀಬೇಕಂದರ ಮಗ್ಗದ ಸಂಗತಿ ಹೇಳಬೇಕು. ನೆಲದಾಗ ಒಂದು ಕುಣಿ ಇರತಿತ್ತು, ಕಾಲು ಅದರಾಗ ಇಳಿಬಿಟ್ಟು ಕೂಡೋದು. ಮುಂದ ಉದ್ದಕ ಎಳಿ ಹಾಸಿರತಾರ, ಅದು ಹಾಸು. ಲಾಳಿ ಅಡ್ಡಡ್ಡ ಓಡಿ ಒಂದೊಂದ ಎಳಿ ಬಿಡತೈತಿ, ಅದು ಹೊಕ್ಕು. ಲಾಳಿ ಒಮ್ಮೆ ಓಡಿದ ಮ್ಯಾಲ ಹಣಗಿ ಎಳದು ಆ ಎಳಿ ಬಡದು ಕೂಡಸಬೇಕು. ತಲಿ ಬಾಚೋ ಹಣಗಿ ಅಲ್ಲ, ಮಗ್ಗದ ಹಣಗಿ, ಆದರೂ ನೋಡಾಕ ಹಂಗ ಇರತೈತಿ. ಗಟ್ಟಿ ಬಡದರ ಅರಬಿ ಒತ್ತಾಗಿ ಬರತೈತಿ, ನೂಲು ಜಾಸ್ತಿ ಹೋಗತೈತಿ. ಹಗೂರ ಬಡದರ ಅರಬಿ ಜಾಳಾಗಿ ಬರತೈತಿ, ನೂಲು ಉಳೀತೈತಿ. ತಿಳೀತಿಲ್ಲೋ? ನೂಲು ಸಾವಕಾರ್ರದು. ಅವರು ತೂಗಿ ಕೊಡತಿದ್ರು, ನಾವು ಮನ್ಯಾಗ ನೇಯ್ದು ಸೀರಿ ಮಾಡಿ ಒಪ್ಪಸತಿದ್ವಿ. ಸೀರಿ ಘಡಿ ಮಾಡಿ ಕೊಟ್ಟರ ಸಾವಕಾರ್ರು ಸೆರಗು ನೋಡತಿದ್ರು, ದಡಿ ನೋಡತಿದ್ರು, ಮ್ಯಾಲಿನ ಘಡಿ ಮ್ಯಾಲ ಕೈ ಆಡಸತಿದ್ರು. ನಡುವಿನ ಘಡಿ ಯಾರೂ ಬಿಚ್ಚತಿರಲಿಲ್ಲ. ಅದಕ್ಕ ನಾವೇನ್ ಮಾಡತಿದ್ವಿ, ಎರಡೂ ತುದಿ ಗಟ್ಟಿ ನೇಯ್ತಿದ್ವಿ, ನಡುವ ಜಾಳ ಬಿಡತಿದ್ವಿ, ಉಳದ ನೂಲು ನಾವ ಇಟ್ಟಕೋತಿದ್ವಿ. ತೂಕಾ ಕಡಿಮಿ ಬರತಿತ್ತಲ್ಲ, ಅದಕ್ಕ ಒಂದು ಕೈ ಗಂಜಿ ಜಾಸ್ತಿ ಹೊಡೀತಿದ್ವಿ. ಉಟ್ಟಾಕಿ ಎರಡು ಸರ್ತಿ ಒಗದ ಮ್ಯಾಲ ಆಕಿಗೆ ತಿಳೀತಿತ್ತು, ಆಕಿ ಎಲ್ಲೋ ದೂರದ ಊರಾಗ ಇರತಿದ್ಲು, ನಮಗೇನು. ನಾ ಒಬ್ಬನ ಅಂತಲ್ಲ. ಆದರ ಮಂದೀ ಹೆಸರು ತಗೊಳ್ಳೋದು ಬ್ಯಾಡ, ನಾ ಮಾಡತಿದ್ದೆ ಅನ್ನೋದಷ್ಟ ಸಾಕು. ದೀಕ್ಷಾಸ್ನಾನ ಆದ ಮ್ಯಾಲೂ ಮಾಡತಿದ್ದೆ. ಅದು ಪಾಪ ಅಂತ ಅನಸಿರಲಿಲ್ಲ, ಕೆಲಸದ ಪದ್ಧತಿ ಅನಸಿತ್ತು.

ಹಿಂಗಿದ್ದಾಗ ಒಂದು ರವಿವಾರ ಅಯ್ಯನವರು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಾಕ ನಿಂತಾಗ ನೋಡಿದೆ, ಮೇಜಿನ ಮ್ಯಾಲಿನ ವಸ್ತ್ರ ಹರದಿತ್ತು. ನಾ ಎದ್ದು, "ಅಯ್ಯನವರ, ಮೇಜಿಗೆ ವಸ್ತ್ರ ನಾ ನೇಯ್ದು ಕೊಡತೇನ್ರಿ" ಅಂದೆ. ಎಲ್ಲಾರೂ ತಿರುಗಿ ನೋಡಿದರು. ಮನ್ಯಾಗ ಉಳಿಸಿದ್ದ ಬಿಳಿ ಹೊಕ್ಕಿನ ನೂಲಿತ್ತು, ಹೊರಸಿನ ಕೆಳಗ ಚೀಲದಾಗ. ಹಾಸು ಮುಗಿಯೋ ಕಡೆ ಎರಡು ಮೊಳ ಹೆಚ್ಚಿಗಿ ಉಳದಿತ್ತು, ಎರಡೂ ಬಾಜೂಕ ಕೆಂಪು ದಡಿ. ಅದರ ಮ್ಯಾಲ ನೇಯ್ದೆ. ಎಷ್ಟು ಗಟ್ಟಿ ನೇಯ್ದೆ ಅಂದರ, ಸೀರಿಗೆ ಹಂಗ ಎಂದೂ ನೇಯ್ದಿರಲಿಲ್ಲ. ದೇವರ ಮೇಜಿಗೆ ಅಂತ. ನೋಡ್ರಿ ನನ್ನ ಬುದ್ಧಿ ಹ್ಯಾಂಗಿತ್ತು.

ನಿಮ್ಮ ಆಯಿ, ಶಾಂತವ್ವ, ಆಗಿನ್ನಾ ಪ್ರಾರ್ಥನಿಗೆ ಬರತಿರಲಿಲ್ಲ. ತನ್ನ ಬನಶಂಕರಿಗೆ ದೀಪಾ ಹಚ್ಚಿ, ಲಾಳ್ಯಾಗ ಹಾಕೋ ಕಂಡಿಕಿಗೆ ನೂಲು ಸುತ್ತಿ ಕೊಡತಿದ್ಲು. ನನಗ ಬೈತಿರಲಿಲ್ಲ, ಕೂಡೂ ಬರತಿರಲಿಲ್ಲ. ವಸ್ತ್ರ ಹಾಸಿದ ರವಿವಾರ ನಾನ ಜುಲುಮಿ ಮಾಡಿ ಕರಕೊಂಡು ಹೋದೆ, ನೋಡಲಿ ಅಂತ. ಹೆಣ್ಮಕ್ಕಳು ಆಕಿ ಕೈ ಹಿಡದು, "ನಿಮ್ಮ ಯಜಮಾನ್ರು ಎಷ್ಟು ಭಕ್ತಿಯಿಂದ ನೇಯ್ದಾರ್ರಿ" ಅಂದರು. ಆಕಿ ಹೂಂ ಅಂದ್ಲು. ಮನಿಗೆ ಬಂದು ರೊಟ್ಟಿ ಹಾಕಿ, ನಾ ಎರಡು ತುತ್ತು ತಿಂದ ಮ್ಯಾಲ ಹೇಳಿದ್ಲು.

"ಒಂದು ಮಾತು ಕೇಳಲೇನ್ರಿ?"

"ಕೇಳು."

"ಅದು ಸಾವಕಾರ್ರ ನೂಲಲ್ಲ? ಕಂಡಿಕಿ ಸುತ್ತಿದಾಕಿ ನಾನ. ದಡೀನೂ ಅವರದ."

"ಅಂದರ?"

"ಏನಿಲ್ಲ. ಕದ್ದದ್ದು ನಿಮ್ಮ ದೇವರಿಗೆ ನಡೀತೈತೇನು ಅಂತ ಕೇಳಿದೆ. ನಮ್ಮ ದೇವರಿಗೆ ನಡಿಯಂಗಿಲ್ಲ, ಅದಕ್ಕ ಕೇಳಿದೆ."

ನನಗ ಎಷ್ಟು ಸಿಟ್ಟು ಬಂತಂದರ ತಾಟು ಸರಿಸಿ ಎದ್ದೆ. "ನಿನಗೇನು ತಿಳೀತೈತಿ, ಬೈಬಲ್ ಓದೀಯೇನು" ಅಂದೆ. ಆಕಿ ತಾಟು ಮುಚ್ಚಿಟ್ಲು. ಅವತ್ತಿಂದ ನನಗ ಪ್ರಾರ್ಥನಿ ಮಾಡಾಕ ಆಗದಂಗಾತು. ಕಣ್ಣು ಮುಚ್ಚಿದರ ಕೆಂಪು ದಡಿ. ಬೀಡಿ ಬಿಟ್ಟೇನಿ, ಹೆಂಡಾ ಬಿಟ್ಟೇನಿ ಅಂತ ಲೆಕ್ಕ ಹಾಕಿ ನೋಡಿದೆ, ಸಮಾಧಾನ ಆಗಲಿಲ್ಲ. ಇದನ್ನೂ ಬಿಡತೇನಿ, ಇನ್ನ ಮುಂದ ಗಟ್ಟಿ ನೇಯ್ತೇನಿ ಅಂದುಕೊಂಡೆ. ಆದರ ಹೋಗಿ ಹೇಳಬೇಕು ಅಂತ ಒಳಗ ಒಂದು ಮಾತು ಏಳತಿತ್ತು. ಹೇಳಿದರ ಮಗ್ಗ ಹೋಗತೈತಿ, ಅದು ಗ್ಯಾರಂಟಿ. ಮಗ್ಗ ಹೋದರ ಮೂರು ಮಂದಿ ಹೊಟ್ಟಿ.

ಆರು ದಿನಾ ತಡದೆ. ಏಳನೇ ದಿನಾ, ಶನಿವಾರ, ಬಸ್ಸ ಹಿಡದು ಜಮಖಂಡಿಗೆ ಹೋದೆ. ಅಯ್ಯನವರು ಅಂಗಳದಾಗ ಸೈಕಲ್ ಒರಸಾಕತ್ತಿದ್ದರು. ಎಲ್ಲಾ ಹೇಳಿದೆ. ನನ್ನ ಮನಸ್ಸಿನ್ಯಾಗ ಏನಿತ್ತಂದರ, ಅವರು ನನ್ನ ತಲಿ ಮ್ಯಾಲ ಕೈಯಿಟ್ಟು, ದೇವರು ಕ್ಷಮಿಸಿದ, ಹೋಗು ಅಂತಾರ, ಅಲ್ಲಿಗೆ ಮುಗೀತು. ಅವರು ಸೈಕಲ್ ಗ್ವಾಡಿಗೆ ಒರಗಿಸಿ, "ಆ ವಸ್ತ್ರ ದೇವರಿಗೆ ಯಾಕ ಕೊಟ್ಟಿ?" ಅಂತ ಕೇಳಿದರು.

"ಸೇವಾ ಅಂತ ಕೊಟ್ಟೆನ್ರಿ."

"ಅಲ್ಲ. ಇದನ್ನ ತಗೊಂಡು ನನ್ನ ಸುಮ್ಮನ ಬಿಡು ಅಂತ ಕೊಟ್ಟಿ. ಕುಡಿಯೋದು ಬಿಟ್ಟಿದ್ದೂ ಹಂಗ."

ಅವರು ಭಾಳ ಹೊತ್ತು ಹೇಳಿದರು, ನನಗ ನೆನಪಿದ್ದಷ್ಟು ಹೇಳತೇನಿ. ದೇವರ ಮುಂದ ನಾ ಕೊಡೋದು ಏನೂ ಇಲ್ಲ, ಕ್ರಿಸ್ತ ಶಿಲುಬಿ ಮ್ಯಾಲ ನನ್ನ ಪಾಪ ಹೊತ್ತು ಎಲ್ಲಾ ತೀರಿಸ್ಯಾನ, ಅದನ್ನ ಬರಿಗೈಲೆ ತಗೋಬೇಕು, ಒಂದು ವಸ್ತ್ರದಷ್ಟೂ ಅದಕ್ಕ ಕೂಡಸಾಕ ಬರಂಗಿಲ್ಲ. ನಾ ಕೇಳಿದೆ, "ಹಂಗಾರ ಸಾವಕಾರ್ರ ಹಂತೇಕ ಹೋಗೋದು ಬ್ಯಾಡೇನ್ರಿ?" ಅದಕ್ಕ ಅವರು, "ಹೋಗೋದರಿಂದ ನೀ ರಕ್ಷಣಿ ಹೊಂದಂಗಿಲ್ಲ. ರಕ್ಷಣಿ ಹೊಂದಿದ್ದರ ಹೋಗತೀ" ಅಂದರು. ಮತ್ತೊಂದು ಸರ್ತಿ ಹೇಳತೇನಿ ರೂತಾ, ಇದನ್ನ ಮಂದಿ ಉಲ್ಟಾ ಹಿಡೀತಾರ. ಛಲೋ ಬಾಳೇ ಮಾಡಿ ದೇವರ ಮಗಾ ಆಗೋದಲ್ಲ, ದೇವರು ಮಗನ್ನ ಮಾಡಿಕೊಂಡ ಮ್ಯಾಲ ಛಲೋ ಬಾಳೇ ಮಾಡೋದು. ನಾ ಕೇಳಿದೆ, "ನನಗ ದೇವರು ಹೊಸಾ ಮನಸ್ಸು ಕೊಟ್ಟಾನೋ ಇಲ್ಲೋ ಹ್ಯಾಂಗ ತಿಳೀಬೇಕ್ರಿ?" ಅವರು ಸ್ವಲ್ಪ ನಕ್ಕರು. "ಎರಡೂವರಿ ವರ್ಷ ಜಾಳ ನೇಯ್ದಿ, ನಿದ್ದಿ ಬರತಿತ್ತು. ಈಗ ಆರು ದಿನದಿಂದ ನೋವಾಗಾಕತ್ತೇತಿ. ಸತ್ತ ಮೈಗೆ ನೋವಾಗಂಗಿಲ್ಲಪಾ. ಅದನ್ನ ಯಾರು ಎಬ್ಬಿಸಿದರು ಅಂತ ನೀನ ವಿಚಾರ ಮಾಡು." ಆಮ್ಯಾಲ ರಬಕವಿ ಖೋಲಿ ಕೀಲಿ ಕೈಯಾಗ ಕೊಟ್ಟು, "ವಸ್ತ್ರ ತಗೊಂಡು ಹೋಗು, ಹರಕದ್ದ ಹಾಸೂಣು" ಅಂದರು.

ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಕುಂತು ದೇವರಿಗೆ ಹೇಳಿದೆ. ದೊಡ್ಡ ಪ್ರಾರ್ಥನಿ ಏನಲ್ಲ. "ನಾ ಕಳ್ಳ. ನನ್ನ ಹಂತೇಕ ಏನೂ ಇಲ್ಲ. ಕ್ರಿಸ್ತನ ಸಲುವಾಗಿ ನನ್ನ ತಗೋ" ಅಂದೆ, ಅಷ್ಟ. ಬೆಳಕು ಬರಲಿಲ್ಲ, ಧ್ವನಿ ಕೇಳಲಿಲ್ಲ, ಬಾಜೂಕ ಕುಂತಾಕಿ ಬದನಿಕಾಯಿ ಬುಟ್ಟಿ ನನ್ನ ಕಾಲ ಮ್ಯಾಲ ಇಟ್ಟಿದ್ಲು. ಆದರ ಅವತ್ತ ಮದಲನೇ ಸಲ ನಾ ಏನೂ ಬಿಟ್ಟೇನಿ, ಏನೂ ಕೊಟ್ಟೇನಿ ಅಂತ ಹೇಳಲಾರದ ದೇವರ ಮುಂದ ಮಾತಾಡಿದ್ದೆ.

ರಬಕವಿಯಾಗ ಇಳದು ವಸ್ತ್ರ ತಗೊಂಡು, ಮನ್ಯಾಗಿನ ನೂಲಿನ ಚೀಲಾನೂ ತಗೊಂಡು ಸಾವಕಾರ್ರ ಪಡಸಾಲಿಗೆ ಹೋದೆ. ಅವರು ಹಣಿ ತುಂಬ ವಿಭೂತಿ ಹಚ್ಚಿಕೊಂಡು ಗಾದಿ ಮ್ಯಾಲ ಕುಂತಿದ್ದರು. ಹೇಳಿದೆ. ಅವರು ನನ್ನ ಹಿಂದಿನ ವಾರದ ಸೀರಿ ತರಿಸಿ, ನಡುವಿನ ಘಡಿ ಬಿಚ್ಚಿ ಬೆಳಕಿಗೆ ಹಿಡದರು. ಅದರೊಳಗಿಂದ ಬಾಗಲಾ ಕಾಣತಿತ್ತು.

"ಮತ್ತ ಯಾರ್ಯಾರು ಮಾಡತಾರ?"

"ನಂದಷ್ಟ ಹೇಳಾಕ ಬಂದೇನ್ರಿ."

"ಧರ್ಮಾ ಬದಲಿ ಮಾಡಿ ಎರಡು ವರ್ಷದ ಮ್ಯಾಲ ಆತಲ್ಲೋ. ಇಷ್ಟು ದಿನಾ ಏನ್ ಮಾಡಾಕತ್ತಿದ್ದಿ?"

"ಹೆಸರು ಬದಲಿ ಆಗಿತ್ರಿ. ನಾ ಆಗಿರಲಿಲ್ಲ."

ಸಾವಕಾರ್ರು ಬೈಲಿಲ್ಲ. ಬೈದಿದ್ದರ ಹಗೂರ ಆಗತಿತ್ತು. ಮಗ್ಗದ ಕೆಲಸಾ ತಗದು, ಹಾಸಿನ ಎಳಿಗೆ ಗಂಜಿ ಹಚ್ಚೋ ಕೆಲಸಾ ಕೊಟ್ಟರು. ಅದು ಬೀದ್ಯಾಗ ಮಾಡೋದು, ತಿಳೀತಿಲ್ಲೋ? ಮುಂಜಾನೆ ಎಳಿ ಉದ್ದಕ ಜಗ್ಗಿ ಕಟ್ಟಿ, ಕುಂಚದಿಂದ ಗಂಜಿ ಹಚ್ಚಿಕೋತ ಹಿಂದ ಮುಂದ ಅಡ್ಡಾಡೋದು. ಓಣಿ ಮಂದಿ ಎಲ್ಲಾ ನೋಡತಿದ್ರು. ಅದಕ್ಕಿಂತ ತ್ರಾಸಿನ ಮಾತಂದರ, ಮರುದಿನದಿಂದ ಸಾವಕಾರ್ರು ಎಲ್ಲಾರ ಸೀರಿನೂ ಬಿಚ್ಚಿ ನೋಡಾಕ ಹತ್ತಿದರು. ಬಾಜೂ ಮನಿ ಈರಪ್ಪ, ನನ್ನ ಸಣ್ಣಂದಿನ ಗೆಳ್ಯಾ, ಗಂಜಿ ಹಚ್ಚೋ ಕಡೆ ಬಂದು ನಿಂತ. "ಲೇ, ನೀ ಸ್ವರ್ಗಕ್ಕ ಹೋಗು, ಯಾರು ಬ್ಯಾಡ ಅಂದರು. ನಮ್ಮ ಮಗ್ಗ ತುಳಕೊಂಡ ಹೋಗಬೇಕೇನು?" ನಾ, "ನಿನ್ನ ಹೆಸರು ಹೇಳಿಲ್ಲೋ" ಅಂದೆ. "ಹೇಳಿದ್ದರ ನನ್ನೊಬ್ಬಂದ ಹೋಗತಿತ್ತು, ಈಗ ಓಣಿದೆಲ್ಲಾ ಹೋತು" ಅಂದ. ಅಂವ ಒಂದು ವರ್ಷ ಮಾತಾಡಲಿಲ್ಲ. ಅವನ ಸಿಟ್ಟು ಸುಳ್ಳಲ್ಲ, ಅವನ ಮನ್ಯಾಗೂ ಮಕ್ಕಳಿದ್ದವು. ಛಲೋ ಕೆಲಸಾ ಮಾಡಿದರ ಎಲ್ಲಾರೂ ಹಾರಾ ಹಾಕತಾರ ಅಂತ ತಿಳಕೋಬ್ಯಾಡ್ರಿ.

ಎಂಟು ತಿಂಗಳಾದ ಮ್ಯಾಲ ಸಾವಕಾರ್ರು ಮಗ್ಗ ತಿರುಗಿ ಕೊಟ್ಟರು. ಇಲ್ಲಿಗೆ ಕತಿ ಮುಗೀತು ಅಂದುಕೊಂಡಿರಿ? ಇಲ್ಲ. ಎರಡನೇ ವಾರದಾಗ, ಮುಂಜಾನೆ ಪ್ರಾರ್ಥನಿ ಮಾಡಿ ಕುಂತು ನೇಯಾಕತ್ತೇನಿ, ನಡುವಿನ ಭಾಗ ಬಂದ ಕೂಡ್ಲೆ ಕೈ ತಾನ ಹಗೂರ ಆಗೇತಿ. ನನಗ ಗೊತ್ತಾಗೂದ್ರಾಗ ಒಂದು ಮೊಳ ಜಾಳ ಬಂದಿತ್ತು. ದೇವರು ಹೊಸಾ ಮನಸ್ಸು ಕೊಟ್ಟಾನ, ಕೈಗೆ ಹಳೇ ರೂಢಿ ಹಂಗ ಇತ್ತು. ಈಗೂ ಬ್ಯಾರೆ ಬ್ಯಾರೆ ಹಳೇ ರೂಢಿ ಅದಾವು, ನಿಮ್ಮ ಆಯಿನ್ನ ಕೇಳ್ರಿ, ನನ್ನ ಸಿಟ್ಟಿನ ಬಗ್ಗೆ ಹೇಳತಾಳ. ನಾ ಮಗ್ಗ ನಿಲ್ಲಿಸಿ ಒಂದೊಂದ ಹೊಕ್ಕು ಬಿಚ್ಚಾಕ ಹತ್ತಿದೆ. ನೇಯೋದಕ್ಕಿಂತ ಬಿಚ್ಚೋದು ತಡಾ, ಹಾಸಿನ ಎಳಿ ಹರಿಯಬಾರದಲ್ಲ. ನಿಮ್ಮ ಆಯಿ ಬಂದು ನೋಡಿದ್ಲು, ಬಾಜೂಕ ಕುಂತು ಬಿಚ್ಚಿದ ನೂಲು ಕಂಡಿಕಿಗೆ ಸುತ್ತಾಕ ಹತ್ತಿದ್ಲು.

"ಯಾರೂ ನೋಡಿಲ್ಲಲ್ಲ?"

"ಇಲ್ಲ."

"ಇದನ್ನ ಅಯ್ಯನವರು ಕಲಿಸ್ಯಾರೇನು?"

"ಅವರಿಗೆ ಲಾಳಿ ಯಾವದು, ಹಣಗಿ ಯಾವದು ಗೊತ್ತಿಲ್ಲ."

ಮುಂದಿನ ರವಿವಾರ ಆಕಿ ತಾನ ಸೀರಿ ಉಟ್ಟು, ಪ್ರಾರ್ಥನಿಗೆ ಹೊಂಟು ಬಾಗಲದಾಗ ನಿಂತಿದ್ಲು. ದೀಕ್ಷಾಸ್ನಾನ ತಗೊಂಡಿದ್ದು ಮೂರು ವರ್ಷದ ಮ್ಯಾಲ. ಆ ವಸ್ತ್ರ ಹಾಸಿದ ರವಿವಾರ ಬಿಟ್ಟರ ನಾ ಮತ್ತ ಒಂದಿನಾನೂ ಜುಲುಮಿ ಮಾಡಲಿಲ್ಲ, ಮನಸ್ಸು ತಿರುಗಸೋದು ನನ್ನ ಕೈಯಾಗಿನ ಕೆಲಸಲ್ಲ.

ನೀನೂ ತಪ್ಪತೀ ರೂತಾ, ಸಭೆ ಮುಂದ ಹೇಳಿದ ಮರುದಿನಾನ ತಪ್ಪಬಹುದು. ತಪ್ಪಿದ್ದು ಗೊತ್ತಾದಲ್ಲೆ ನಿಲ್ಲಿಸಿ ಬಿಚ್ಚಿಬಿಡು. ಮುಂದ ಮುಂದ ನೇಯ್ಕೋತ ಹೋದಷ್ಟು ಬಿಚ್ಚೋದು ಹೆಚ್ಚಾಗತೈತಿ. ಆತು, ಏಳ್ರಿ.