ಮುಖ ವಿಲ್ಫ್‌ನದು, ದನಿ ಯಾರದ್ದೋ

ಹ್ಯಾಲಿಫ್ಯಾಕ್ಸಿನ ಚಿತ್ರಮಂದಿರದ ಮುಂದೆ ಬಸ್ಸು ಹತ್ತಿದ ತಾಯಿ-ಮಗ ಎಡ್ನಾಳ ಮುಂದಿನ ಸೀಟಿನಲ್ಲೇ ಕೂತರು. ಅವಳು ಹುಡುಗನನ್ನು ತಕ್ಷಣ ಗುರುತಿಸಿದಳು. ಈಗಷ್ಟೇ ನೋಡಿಬಂದ ಸಿನಿಮಾದಲ್ಲಿ ಕುರಿ ಕಾಯುವವನ ಮಗನಾಗಿದ್ದವನು ಇವನೇ.

"ಅಮ್ಮಾ, ಅದು ನನ್ನ ದನಿ ಅಲ್ಲ."

"ಯಾರೋ ಲಂಡನ್ ಹುಡುಗನ ಕೈಲಿ ಹೇಳಿಸಿದ್ರಂತೆ ಕಣೋ ವಿಲ್ಫ್. ನಮ್ಮ ಯಾರ್ಕ್‌ಷೈರ್ ಮಾತು ಜನಕ್ಕೆ ಅರ್ಥ ಆಗಲ್ವಂತೆ."

"ಕಥೆ ನಡೆಯೋದೇ ಯಾರ್ಕ್‌ಷೈರಲ್ಲಿ ಅಲ್ವಾ?"

"ಅದು ಅವರಿಗೆ ಬಿಟ್ಟಿದ್ದು."

"ನಿಂಗೆ ಮೊದಲೇ ಗೊತ್ತಿತ್ತಾ?"

"ಮಾರ್ಚಲ್ಲೇ ಕಾಗದ ಬಂದಿತ್ತು."

"ಮತ್ತೆ ನನ್ನ ಕ್ಲಾಸಿನವರನ್ನೆಲ್ಲ ಯಾಕೆ ಕರೆದೆ?"

"ನಗ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಎಡ್ನಾ ಕಿಟಕಿಯತ್ತ ತಿರುಗಿದಳು. ಕುರಿ ಕಾಯುವ ಹುಡುಗನ ಬಾಯಲ್ಲಿ ಆ ದೊರೆಮಕ್ಕಳ ಮಾತು ಕೇಳಿ ಬಿದ್ದು ಬಿದ್ದು ನಕ್ಕವರಲ್ಲಿ ಅವಳೂ ಒಬ್ಬಳು.

"ಇನ್ನೊಂದು ಸಿನಿಮಾಕ್ಕೂ ಕರೆದಿದಾರೆ. ನಿನ್ನ ಮುಖ ಅವರಿಗೆ ತುಂಬಾ ಹಿಡಿಸಿದೆ."

"ದನಿ?"

"ಏಳು, ಸ್ಟಾಪ್ ಬಂತು."

ಬಾಗಿಲಲ್ಲಿ ಕಂಡಕ್ಟರು, "ಏನಪ್ಪಾ ಮರಿ ನಿನ್ನ ಹೆಸರು?" ಎಂದು ನಗುತ್ತ ಕೇಳಿದ. ಹುಡುಗ ತುಟಿ ಬಿಗಿಹಿಡಿದು ತಾಯಿಯನ್ನು ನೋಡಿದ. ಕೊನೆಗೆ ಅವಳೇ ಅವನ ಹೆಸರು ಹೇಳಿ, ಕೈಹಿಡಿದು ಇಳಿಸಿಕೊಂಡು ಹೋದಳು.