ಜವಳಿ ಸಾಹುಕಾರ ಅಂಗಿ ಬಿಚ್ಚಿದ್ದು

ಒಂದೂರಲ್ಲಿ ಒಬ್ಬ ಜವಳಿ ಸಾಹುಕಾರ. ಕೂಸಿನ ಕುಲಾವಿಯಿಂದ ಮದುಮಗಳ ಸೀರೆ ತನಕ ಊರಿಗೆಲ್ಲ ಅವನ ಅಂಗಡೀದೇ ಬಟ್ಟೆ. ಮನುಷ್ಯನ ಯಾವ ಕಷ್ಟಕ್ಕೂ ತನ್ನಲ್ಲಿ ಒಂದು ಬಟ್ಟೆ ಇದ್ದೇ ಇದೆ ಅಂತ ಅವನ ನಂಬಿಕೆ. ನಗಬೇಡಿ, ನಮಗೂ ಇಂಥ ನಂಬಿಕೆಗಳಿವೆ.

ಅವನ ಸೊಸೆಗೆ ದಿನ ತುಂಬೋ ಮೊದಲೇ ಆಸ್ಪತ್ರೇಲಿ ಹೆರಿಗೆ ಆಯ್ತು. ಹೆಣ್ಣು ಕೂಸು, ಅಂಗೈಯಗಲ. ಕೈಕಾಲು ತಣ್ಣಗೆ. ಸಾಹುಕಾರನ ಹೆಂಡತಿ ಬಾಗಿಲಲ್ಲೇ ನಿಂತು, "ಪುರುಡು ಕಳೆಯೋತನಕ ಯಾರೂ ಮುಟ್ಟಬೇಡಿ, ಮೈಲಿಗೆ" ಅಂದಳು. ಸಾಹುಕಾರ ಲೆಕ್ಕ ಹಾಕಿದ. ಮುಟ್ಟಬಾರದು, ಸರಿ. ಹೊದಿಸಬಹುದಲ್ಲ? ನಡುವೆ ಬಟ್ಟೆ ಇದ್ರೆ ಮುಟ್ಟಿದ ಹಾಗಲ್ಲ! ಅಂಗಡಿಗೆ ಓಡಿದ. ಫ್ಲಾನೆಲ್ ತಂದ, ಶಾಲು ತಂದ, ರಗ್ಗು ತಂದ. ಸುತ್ತಿದ, ಸುತ್ತಿದ, ನೋಡಿ, ತೊಟ್ಟಿಲಲ್ಲಿ ಗಂಟು ಕಾಣ್ತಿತ್ತು, ಕೂಸನ್ನ ಹುಡುಕಬೇಕಿತ್ತು. ಆದ್ರೂ ಪಾದ ತಣ್ಣಗೇ ಇತ್ತು.

ಡಾಕ್ಟರಮ್ಮ ಬಂದರು. "ಏನಿದು, ಪಾರ್ಸೆಲ್ಲಾ? ಎಲ್ಲಾ ಬಿಚ್ಚಿ. ಟೋಪಿ, ಲಂಗೋಟಿ ಸಾಕು. ತಾಯಿ ಬರಿಯೆದೆ ಮೇಲೆ ಮಲಗಿಸಿ, ಮೇಲಿಂದ ಒಂದು ಬಟ್ಟೆ ಹೊದಿಸಿ."

"ಬಟ್ಟೆ ಬಿಚ್ಚಿದ್ರೆ ಬೆಚ್ಚಗಾಗುತ್ತಾ ತಾಯಿ? ಹಾಗಾದ್ರೆ ನಮ್ಮ ಅಂಗಡಿ ಯಾಕಿದೆ?"

ಸೊಸೆ ಮಗಳನ್ನ ಎದೆಗೆ ಅವಚಿಕೊಂಡಳು. ನಿಧಾನಕ್ಕೆ ಪಾದ ಬೆಚ್ಚಗಾಯ್ತು. ಆದರೆ ಬಾಣಂತಿಯೂ ಎದ್ದು ಮುಖ ತೊಳೀಬೇಕಲ್ಲ? ಅವಳ ಗಂಡ ಔಷಧಿ ತರೋಕೆ ಹೋಗಿದ್ದ. ಡಾಕ್ಟರಮ್ಮ ಮಾವನ ಕಡೆ ತಿರುಗಿ, "ಕೈ ತೊಳ್ಕೊಂಡು ಅಂಗಿ ಬಿಚ್ಚಿ, ಯಜಮಾನ್ರೇ" ಅಂದರು.

"ನಾನು ಅಂಗಿ ಮಾರೋನು ತಾಯಿ, ಬಿಚ್ಚೋನಲ್ಲ!"

"ರೀ, ಪುರುಡು!" ಅಂತ ಹೆಂಡತಿ ಬಾಗಿಲಿಂದ ಕೂಗಿದಳು.

ಸಾಹುಕಾರ ಹೋಗಿ ಕೈ ತೊಳ್ಕೊಂಡ. ಹೋದ ಮಡಿ ಸ್ನಾನ ಮಾಡಿದ್ರೆ ಬರುತ್ತೆ. ಮೊಮ್ಮಗಳು ಹೋದ್ರೆ? ಗುಂಡಿ ಬಿಚ್ಚಿದ.

ಕೂಸು ಅಜ್ಜನ ಎದೆಗೆ ಅಂಟ್ಕೊಂಡಿತು. ಬಾಯಿ ತೆರೆದು ಹಾಲು ಹುಡುಕೋಕೆ ಶುರು ಮಾಡ್ತು. ಆಯುಷ್ಯದಲ್ಲಿ ಯಾವ ಗಿರಾಕಿಗೂ ಇಲ್ಲ ಅನ್ನದವನು, "ಇಲ್ಲಿ ಸ್ಟಾಕ್ ಇಲ್ಲ ಕಣವ್ವಾ" ಅಂತ ಗಳಗಳ ಅತ್ತ. ಹೆಂಡತಿ ನೋಡೋತನಕ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಬಂದು, "ಸಾಕು ಕೊಡ್ರೀ, ಇನ್ನು ನನ್ನ ಪಾಳಿ" ಅಂದಳು.

ತಾಯಂದಿರಾ, ಈಗ ನಗ್ತೀರಿ. ನಿಮ್ಮನೇಲೇನು? ಬಾಣಂತಿ ಒಂದು ಮೂಲೆ, ಕೂಸು ಒಂದು ತೊಟ್ಟಿಲು, ನಡುವೆ ನಿಮ್ಮ ಮೈಲಿಗೆ. ಅಷ್ಟು ತಿಂಗಳು ಒಳಗಿಟ್ಟು ಸಾಕಿದವಳ ಮೈಯಿಂದ ಕೂಸನ್ನ ದೂರ ಮಾಡೋದು ಯಾವ ಧರ್ಮ? ಎದೆ ಮೇಲೇ ಇರಲಿ. ಊಟದ ತಟ್ಟೆ ಅವಳಿದ್ದಲ್ಲಿಗೆ ಹೋಗಲಿ, ಪಾತ್ರೆ ನೀವು ತೊಳೀರಿ. ಅವಳಿಗೆ ದಣಿವಾದ್ರೆ, ಹಿಂದೆ ಕೂತು ತಲೆ ತಗ್ಗಿಸಿದೀರಲ್ಲ ಗಂಡಸರೇ, ನಿಮಗೂ ಎದೆ ಇದೆಯಲ್ಲ? ಕೊಡಿ. ಇವತ್ತೇ ಮನೆಗೆ ಹೋಗಿ ಕೂಸನ್ನ ಅವ್ವನ ಎದೆ ಮೇಲೆ ಮಲಗಿಸಿ, ದೇವರಿಗೆ ಆಮೇಲೆ ಕೈ ಮುಗೀರಿ. ದೇವರಿಗೆ ಅವಸರ ಇಲ್ಲ, ಕೂಸಿಗಿದೆ.