ಏಳನೇ ಮಹಡಿಯ ಕತ್ತಲೆ ಕಿಟಕಿ

ವೇದಿಕೆಯಲ್ಲಿರುವ ಅಧ್ಯಕ್ಷೆ ಮೇಡಂ ಅವರೇ, ನನ್ನ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಿದ ಮುಖ್ಯ ಅತಿಥಿಗಳೇ, ಗುರುಗಳೇ, ಬಹುಮಾನಕ್ಕಾಗಿ ಮುಂದಿನ ಸಾಲಿನಲ್ಲಿ ಚಡಪಡಿಸುತ್ತಿರುವ ಮಕ್ಕಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಮೊದಲು ಒಂದು ತಪ್ಪೊಪ್ಪಿಗೆ. ನೀವು ನನಗೆ ಶಾಲು ಹೊದಿಸಿದ್ದು ಯಾವ ಚಿತ್ರಕ್ಕಾಗಿಯೋ, ನನ್ನ ಹಿಂದೆ ಇಷ್ಟು ದೊಡ್ಡದಾಗಿ ಕಟ್ಟಿದ್ದೀರಲ್ಲ, ಹೊರದೇಶದ ಹೋಟೆಲಿನ ಆ ಫೋಟೋ ಪೂರ್ತಿ ನಿಜವಲ್ಲ. ಏಳನೇ ಮಹಡಿಯಲ್ಲಿ ಎಡದಿಂದ ನಾಲ್ಕನೇ ಕಿಟಕಿ ನೋಡಿ. ಅಲ್ಲಿ ಬೆಳಕಿದೆ. ಅಂದು ಇರಲಿಲ್ಲ. ಪಕ್ಕದ ಕಿಟಕಿಯ ಬೆಳಕನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತಂದು ಅಂಟಿಸಿದವಳು ನಾನೇ. ಮೂರು ವರ್ಷದಿಂದ ಮನೆಯಾಚೆ ಯಾರಿಗೂ ಹೇಳಿಲ್ಲ. “ಇದ್ದದ್ದನ್ನು ಇದ್ದ ಹಾಗೇ ತೋರಿಸುವ ಕಣ್ಣು” ಎಂದು ಅತಿಥಿಗಳು ಈಗಷ್ಟೇ ಹೊಗಳಿದಾಗ ಕುರ್ಚಿ ಚುಚ್ಚತೊಡಗಿತು.

ಇದ್ದದ್ದನ್ನು ಇದ್ದ ಹಾಗೇ ಹೇಳುವ ಚಟ ನನಗೆ ಮೊದಲಿನಿಂದಲೂ ಇತ್ತು. ಅದರಿಂದಲೇ ಈ ಶಾಲೆ ಬಿಟ್ಟದ್ದು. ಒಂಬತ್ತನೇ ತರಗತಿಯಲ್ಲಿದ್ದಾಗ ತಪಾಸಣೆಗೆ ಸಾಹೇಬರು ಬಂದರು. ಗೋಡೆಯ ತುಂಬ ಚಂದದ ನಕ್ಷೆಗಳು. “ಯಾರು ಬರೆದದ್ದು?” ಎಂದರು. ನಾನು ಎದ್ದು, “ನಮ್ಮದಲ್ಲ ಸಾರ್, ನಿನ್ನೆ ಪಕ್ಕದ ಶಾಲೆಯಿಂದ ತಂದಿದ್ದು, ನಾಳೆ ವಾಪಸ್ ಹೋಗ್ತವೆ” ಎಂದೆ. ಅಂದಿನ ವಿಜ್ಞಾನದ ಮೇಡಂ ನನ್ನನ್ನು ಎರಡು ದಿನ ಮನೆಗೆ ಕಳಿಸಿದರು. ಆ ಎರಡು ದಿನ ಹನ್ನೊಂದು ವರ್ಷ ಆಯಿತು. ಅದೇ ಮೇಡಂ ಇಂದಿನ ಅಧ್ಯಕ್ಷೆ. ಮೇಡಂ, ನೀವು ನಗುತ್ತಿದ್ದೀರಿ, ಒಳ್ಳೆಯದಾಯಿತು.

ಅಮ್ಮ ನಗಲಿಲ್ಲ. “ನಿನ್ನ ಬಾಯಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಇನ್ನು ಯಾರು ಇಟ್ಕೋತಾರೆ ನಿನ್ನ?” ಎಂದಳು. ಇಟ್ಟುಕೊಂಡದ್ದು ಸೋದರಮಾವ. ಅವನದು ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೈಯಗಲದ ಸ್ಟುಡಿಯೋ. ಬಂದವರಿಗೆಲ್ಲ “ಗದ್ದ ಇಳಿಸಿ, ಉಸಿರು ಬಿಡಿ, ನೀವು ಕಳ್ಳರಲ್ಲ ಅನ್ನೋದು ಸರ್ಕಾರಕ್ಕೆ ಗೊತ್ತಾಗಲಿ” ಎನ್ನುತ್ತಿದ್ದ. ನಾಲ್ಕು ವರ್ಷ ಊರಿನವರ ಪಾಸ್‌ಪೋರ್ಟಿಗೆಲ್ಲ ಫೋಟೋ ತೆಗೆದ ಮೇಲೆ ನನಗೂ ಒಂದು ಬೇಕೆನ್ನಿಸಿತು. “ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ಕಣೇ, ಉರುಳು” ಎಂದು ಮಾವ ತನ್ನ ಹಳೆಯ ಲೆನ್ಸು ಕೊಟ್ಟ.

ಉರುಳುತ್ತ ಹೋಗಿ ಹೋಟೆಲುಗಳ ಜಾಹೀರಾತಿಗೆ ಫೋಟೋ ತೆಗೆಯುವವಳಾದೆ. ಹೋಟೆಲ್ ಫೋಟೋ ಎಂದರೆ ಏನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಆ ಹೊರದೇಶದ ಹೋಟೆಲಿನಲ್ಲಿ ಮೊದಲ ದಿನ ಒಬ್ಬ ಹೆಂಗಸು ಹಾಸಿಗೆ ಸಿದ್ಧ ಮಾಡುವುದನ್ನು ಕಂಡೆ. ಹೊದಿಕೆಯನ್ನು ಹಾಸಿದ ಮೇಲೆ ಅದರ ಮೇಲೇ ಇಸ್ತ್ರಿ. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಿ, ನನ್ನ ಕ್ಯಾಮೆರಾಕ್ಕೂ ಕಾಣದ ಒಂದು ಸುಕ್ಕನ್ನು ಹುಡುಕಿ ತೆಗೆದಳು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಹತ್ತೊಂಬತ್ತು ವರ್ಷದಿಂದ ಆ ಕೋಣೆಗಳಲ್ಲಿ ಯಾರೂ ಮಲಗಿಯೇ ಇಲ್ಲವೆನ್ನುವ ಹಾಗೆ ಮಾಡುತ್ತಿದ್ದವಳು. ಬರುವುದು ಹಿತ್ತಲ ಬಾಗಿಲಿನಿಂದ, ಹೋಗುವುದೂ ಅಲ್ಲಿಂದಲೇ. ಅತಿಥಿಗಳ ಕಿಟಕಿಯಲ್ಲಿ ಕೆಲಸದವರು ನಿಂತು ನೋಡುವಂತಿಲ್ಲ. ಹಿಂದಿನ ತಿಂಗಳು ಹಾಗೆ ನಿಂತ ಒಬ್ಬಳ ಕೆಲಸ ಹೋಗಿತ್ತು.

ಕಟ್ಟಡದ ಚಿತ್ರವನ್ನು ಮುಸ್ಸಂಜೆಯಲ್ಲೇ ತೆಗೆಯಬೇಕು. ಹೊರಗಿನ ಆಕಾಶ, ಒಳಗಿನ ದೀಪ ಎರಡೂ ಸಮಸಮ ಆಗುವ ಕೆಲವೇ ನಿಮಿಷಗಳಿವೆ. ಅಷ್ಟರೊಳಗೆ ಅಷ್ಟೂ ಕೋಣೆಗಳ ದೀಪ ಉರಿಯಬೇಕು. ನಾನು, ಮ್ಯಾನೇಜರು ಹೋಟೆಲಿನ ಮುಂದಿನ ಕೊಲ್ಲಿಯ ಆಚೆ ದಡದಲ್ಲಿ. ಒಳಗೆ ಮೂವತ್ತು ಜನ ಕೋಣೆಯಿಂದ ಕೋಣೆಗೆ ಓಡುತ್ತಿದ್ದಾರೆ. ಒಂದು ಕಿಟಕಿ ಹೊತ್ತಿತು. ನಾಲ್ಕು ಹೊತ್ತಿದವು. ಆಮೇಲೆ ಸಾಲುಸಾಲಾಗಿ ಮಹಡಿಗಳೇ ಹೊತ್ತಿಕೊಂಡವು, ಅಷ್ಟೂ ನೀರಿನೊಳಗೆ ಇನ್ನೊಮ್ಮೆ. ಸಭಿಕರೇ, ನನಗೆ ಗುಂಡಿ ಒತ್ತುವುದೇ ಮರೆತುಹೋಯಿತು. ಓಡುವ ಮೂವತ್ತು ಜನರ ಕಾಲಿನಿಂದ ಇಂಥದ್ದೊಂದು ಹುಟ್ಟುತ್ತದೆಯೇ? ಹುಟ್ಟುತ್ತದೆ. ನಾನು ಕಂಡಿದ್ದೇನೆ.

ಒಂದು ಕಿಟಕಿ ಮಾತ್ರ ಕಪ್ಪಗಿತ್ತು. ಉದ್ದ ಲೆನ್ಸಿನಲ್ಲಿ ನೋಡಿದೆ. ಅವಳು. ಸುಕ್ಕು ಹುಡುಕಿದ ಅದೇ ಅಂಗೈಗಳನ್ನು ಗಾಜಿಗೊತ್ತಿ ನಿಂತಿದ್ದಾಳೆ.

“ಅದ್ಯಾಕೆ ಹಲ್ಲು ಬಿದ್ದ ಹಾಗೆ ಕಾಣ್ತಿದೆ? ಯಾರಿದಾರೆ ಅಲ್ಲಿ?” ಎಂದರು ಮ್ಯಾನೇಜರು.

“ಯಾರೂ ಇಲ್ಲ ಸಾರ್. ಬಲ್ಬ್ ಹೋಗಿರಬೇಕು” ಎಂದೆ.

ಸಾಹೇಬರ ಮುಂದೆ ಒಂದು ನಕ್ಷೆಯ ವಿಷಯದಲ್ಲಿ ಸುಮ್ಮನಿರಲಾಗದ ಬಾಯಿ ಇದು. ಅಂದು ಎಣ್ಣೆ ಹಾಕಿದ ಬಾಗಿಲಿನ ಹಾಗೆ ತೆರೆದು ಸುಳ್ಳು ಹೇಳಿತು.

ಆಮೇಲೆ ಅವಳನ್ನು ಕೇಳಿದೆ, ಇಬ್ಬರಿಗೂ ಅರ್ಧಂಬರ್ಧ ಬರುವ ಭಾಷೆಯಲ್ಲಿ. ಅವಳು ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಹೀಗೆ: “ದೀಪ ಹಾಕಿದ್ರೆ ಗಾಜಲ್ಲಿ ನನ್ನ ಮುಖಾನೇ ಕಾಣುತ್ತೆ, ಹೊರಗಿಂದು ಏನೂ ಕಾಣಲ್ಲ. ನಾವೆಲ್ಲ ಹಚ್ಚಿದ ದೀಪ ನೀರಲ್ಲಿ ಹೇಗೆ ಕಾಣುತ್ತೆ ಅಂತ ಒಂದ್ಸಲ ನೋಡ್ಬೇಕಿತ್ತು. ನೋಡ್ದೆ.” ಹೇಳುವಾಗ ಅವಳ ಮುಖ ಇತ್ತಲ್ಲ, ಅದನ್ನು ಹಿಡಿಯುವ ಲೆನ್ಸು ಇನ್ನೂ ಬಂದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿಬಿಡುತ್ತೇನೆ. ನಿಲ್ಲಿಸುವುದಿಲ್ಲ.

ಬಲ್ಬ್ ಹೋಗಿದ್ದರೆ ತಪ್ಪು ಯಾರದು? ಇದನ್ನು ನಾನು ಯೋಚಿಸಿರಲಿಲ್ಲ. ಆ ಹೋಟೆಲಿನ ಹಳೆಯ ಎಲೆಕ್ಟ್ರಿಷಿಯನ್ ಅಂದು ಮಧ್ಯಾಹ್ನವೇ ಎಲ್ಲ ಕೋಣೆಗಳ ದೀಪವನ್ನೂ ಪರೀಕ್ಷಿಸಿ ಸಹಿ ಹಾಕಿದ್ದರು. ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಪೆಟ್ಟಿಗೆ ಹಿಡಿದು ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದರು. ಆ ಬಲ್ಬಿನ ತಪ್ಪಿಗೆ ಇನ್ನು ಮೇಲೆ ಅವರಿಗೆ ಬಾಯ್ಲರಿನ ಕೋಣೆಯ ಕೆಲಸ. ನನ್ನನ್ನು ಕಂಡು ನಿಂತರು. “ನಿನ್ನ ಚಿತ್ರ ಕೆಡಿಸಿಬಿಟ್ಟೆ ಮಗಳೇ. ನೋಡಿದಾಗ ಬಲ್ಬ್ ಸರಿಯಾಗೇ ಇತ್ತು. ವಯಸ್ಸಾಯ್ತು ಅನ್ಸುತ್ತೆ, ನನ್ನ ಕಣ್ಣು ಇನ್ನು ನಂಬೋ ಹಾಗಿಲ್ಲ” ಎಂದರು.

ಅವರ ಕಣ್ಣು ಸರಿಯಾಗಿತ್ತು. ನಾನು ಏನೂ ಹೇಳದೆ ಕಾರು ಹತ್ತಿದೆ.

ನಿಜ ಹೇಳಿದರೆ ಅವಳ ಅನ್ನ ಹೋಗುತ್ತದೆ ಎಂದು ಮೂರು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳೆದ ತಿಂಗಳು ಅವಳೇ ಫೋನ್ ಮಾಡಿದಳು. ಕೆಲಸ ಬಿಟ್ಟು ಮಗಳ ಮನೆ ಸೇರಿದ್ದಾಳೆ. “ಆ ಬಲ್ಬಿನ ಅಣ್ಣ ಮುಂದಿನ ತಿಂಗಳ ಕೊನೆಗೆ ನಿವೃತ್ತಿಯಂತೆ. ಈಗಲೂ ಪ್ರತಿ ಸ್ವಿಚ್ಚನ್ನೂ ಮೂರ್ಮೂರು ಸಲ ಹಾಕಿ ನೋಡ್ತಾನಂತೆ. ನಿನ್ನ ಸುಳ್ಳು ನಂಗೆ ಈಗ ಗೊತ್ತಾಯ್ತು. ಇನ್ನು ನಂಗೇನು ಭಯ? ಹೇಳ್ಬಿಡು ಮಾರಾಯ್ತಿ” ಎಂದಳು.

ಫೋನಿನಲ್ಲೇ ಹೇಳಬಹುದಲ್ಲ ಎಂದು ಅಮ್ಮ ಕೇಳಿದಳು. ಆ ಎಲೆಕ್ಟ್ರಿಷಿಯನ್ನರ ಮುಖ ನೋಡಿ ಸುಮ್ಮನಿದ್ದವಳು ನಾನು. ಮುಖ ನೋಡಿಯೇ ಹೇಳಬೇಕು. ಮ್ಯಾನೇಜರಿಗೂ ಹೇಳಬೇಕು. ಆಮೇಲೆ ಆ ಹೋಟೆಲಿನವರು ನನ್ನನ್ನು ಕರೆಯದಿದ್ದರೆ ಬೇಡ.

ಶಾಲನ್ನು ವಾಪಸು ಕೊಡುವ ನಾಟಕ ಮಾಡುವುದಿಲ್ಲ, ಬೆಚ್ಚಗಿದೆ. ಆದರೆ ಈ ಚಿತ್ರವನ್ನು ಶಾಲೆಯ ಗೋಡೆಗೆ ಹಾಕುವುದಾದರೆ, ಕಿಟಕಿ ಕಪ್ಪಗಿರುವ ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟಿದ್ದೇನೆ, ದಯವಿಟ್ಟು ಅದನ್ನೇ ಹಾಕಿ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ. ನಾಳೆ ಬೆಳಿಗ್ಗೆ ಆ ಹೋಟೆಲಿಗೆ ಹೊರಡುತ್ತೇನೆ.